ಹಂದಿಗೂ ನೆಗಡಿಯಾಗುತ್ತದೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ತಿಂಗಳ ಹಿಂದೆ ಸಮಿತಿಯವರು ಫೋನ್ ಮಾಡಿದ್ದರು. "ಪಶುವೈದ್ಯ ಕಾಲೇಜಲ್ಲಿ ಇಷ್ಟು ವರ್ಷ ಪಾಠ ಹೇಳಿದ್ದೀರಿ, ಹಸು ಎಮ್ಮೆ ಬಗ್ಗೆ ಒಂದರ್ಧ ಗಂಟೆ ಮಾತಾಡಿ ಸಾರ್, ಜನಕ್ಕೆ ಉಪಯೋಗ ಆಗುತ್ತೆ" ಅಂದರು. ನಾನು ಹಂದಿಯ ಶ್ವಾಸಕೋಶದ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಬರಲಿಲ್ಲ. ಆಮೇಲೆ, "ಹಾಗಾದರೆ ಊಟಕ್ಕೆ ಮುಂಚೆ ಬೇಡ ಸಾರ್, ಊಟ ಆದ ಮೇಲೆ ಇಟ್ಟುಕೊಳ್ಳೋಣ" ಅಂದರು. ಹೀಗಾಗಿ ಒಬ್ಬಟ್ಟಿನ ಊಟ ಮಾಡಿ ತೂಕಡಿಸುತ್ತಿರುವ ನಿಮ್ಮ ಮುಂದೆ ನಿಂತಿದ್ದೇನೆ. ನಿದ್ದೆ ಬಂದವರು ಸಂಕೋಚ ಪಡಬೇಕಾಗಿಲ್ಲ. ಇದೇ ಹಾಲಿನಲ್ಲಿ ನಾನೂ ಬೇಕಾದಷ್ಟು ಸಲ ಮಲಗಿದ್ದೇನೆ.

ಈ ವಿಷಯ ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಒಂದನ್ನು ಈಗಲೇ ಹೇಳುತ್ತೇನೆ. ಇನ್ನೊಂದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮೊದಲನೆಯ ಕಾರಣ ನಮ್ಮ ವಿಜ್ಞಾನದ ಮೇಷ್ಟ್ರು. ಇಲ್ಲೇ ವೇದಿಕೆಯ ಮೇಲಿದ್ದಾರೆ. 1981ರಲ್ಲಿ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಶಾಲೆಗೆ ಆಗ ಪ್ರಯೋಗಾಲಯ ಅಂತ ಇರಲಿಲ್ಲ. ಎರಡು ಗಾಜಿನ ಕೊಳವೆ, ಒಂದು ಸ್ಪಿರಿಟ್ ದೀಪ, ಒಂದು ಮುರಿದ ಭೂತಗನ್ನಡಿ ಇದ್ದವು. ಉಸಿರಾಟದ ಪಾಠ ಬಂದ ದಿನ ಮೇಷ್ಟ್ರು ಸಂತೆಯಿಂದ ಒಂದು ಕುರಿಯ ಶ್ವಾಸಕೋಶವನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಬಂದರು. ಹೊರಗಿನ ಕಲ್ಲುಬೆಂಚಿನ ಮೇಲಿಟ್ಟು, ಶ್ವಾಸನಾಳಕ್ಕೆ ಸೈಕಲ್ ಪಂಪಿನ ಟ್ಯೂಬು ಸಿಕ್ಕಿಸಿ ಗಾಳಿ ಹೊಡೆದರು. ಹಿಂಡಿದ ಬಟ್ಟೆಯಂತೆ ಬಿದ್ದಿದ್ದದ್ದು ನಮ್ಮ ಕಣ್ಣೆದುರಿಗೇ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿ ನಿಂತಿತು. ಆಮೇಲೆ ಬ್ಲೇಡಿನಿಂದ ಒಂದು ತುಂಡು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿದರು. ತೇಲಿತು. "ಸತ್ತ ಮೇಲೂ ಇದರೊಳಗೆ ಗಾಳಿ ಇದೆ ನೋಡ್ರೋ" ಅಂದರು. ಮರುದಿನ ಕೆಲವು ಮನೆಗಳಿಂದ ದೂರು ಬಂತು. ಮೇಷ್ಟ್ರು ತಾವೇ ನಾಲ್ಕು ಬಿಂದಿಗೆ ನೀರು ತಂದು ಕಲ್ಲುಬೆಂಚು ತೊಳೆದರು. ನಾವು ನೋಡುತ್ತ ನಿಂತಿದ್ದೆವು.

ಆರೇಳು ವರ್ಷದ ನಂತರ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸತ್ತ ಹಂದಿಯೊಂದರ ಮರಣೋತ್ತರ ಪರೀಕ್ಷೆ ನಡೆಯುತ್ತಿತ್ತು. ಪ್ರಾಧ್ಯಾಪಕರು ಶ್ವಾಸಕೋಶದ ಒಂದು ತುಂಡನ್ನು ಕತ್ತರಿಸಿ ಫಾರ್ಮಾಲಿನ್ ತುಂಬಿದ ಬಾಟಲಿಗೆ ಹಾಕಿದರು. ಅದು ಕಲ್ಲಿನ ಹಾಗೆ ಸೀದಾ ತಳಕ್ಕೆ ಇಳಿಯಿತು. ನನಗೆ ಬಕೆಟ್ಟು ನೆನಪಾಯಿತು. ಗಾಳಿ ಇರಬೇಕಾದ ಜಾಗದಲ್ಲಿ ಈಗ ಏನು ತುಂಬಿದೆ? ಅಲ್ಲಿಗೆ ಹೇಗೆ ಬಂತು? ನನ್ನ ಮುಂದಿನ ಮೂವತ್ತೈದು ವರ್ಷದ ಕೆಲಸ ಹೆಚ್ಚುಕಡಿಮೆ ಈ ಎರಡು ಪ್ರಶ್ನೆಗಳಲ್ಲೇ ಕಳೆದಿದೆ.

ಮಕ್ಕಳೇ, ಶ್ವಾಸಕೋಶ ಅಂದರೆ ಬರೀ ಗಾಳಿಚೀಲ ಅಲ್ಲ. ಮೂಗಿನಿಂದ ಒಳಕ್ಕೆ ಹೋಗುವ ದಾರಿಯ ಗೋಡೆಯುದ್ದಕ್ಕೂ ಜೀವಕೋಶಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳಲ್ಲಿ ಬಹುಪಾಲು ಕೋಶಗಳ ನೆತ್ತಿಯ ಮೇಲೆ ನೂರಾರು ಸೂಕ್ಷ್ಮ ಕೂದಲುಗಳಿವೆ. ಪುಸ್ತಕದಲ್ಲಿ ಲೋಮಾಂಗ ಅಂತ ಬರೆದಿರುತ್ತಾರೆ. ಮೇಲೆ ತೆಳುವಾಗಿ ಲೋಳೆಯ ಪದರ. ರಾಗಿ ಹೊಲದ ಮೇಲೆ ಗಾಳಿ ಬೀಸಿದಾಗ ತೆನೆಗಳು ಅಲೆಯಲೆಯಾಗಿ ಬಾಗುವುದನ್ನು ನೋಡಿದ್ದೀರಲ್ಲ, ಈ ಕೂದಲುಗಳೂ ಹಾಗೆಯೇ, ಆದರೆ ಸೆಕೆಂಡಿಗೆ ಹತ್ತು ಸಲ ಬಾಗಿ ಏಳುತ್ತವೆ. ಉಸಿರಿನಲ್ಲಿ ಬಂದ ಧೂಳು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲವೂ ಲೋಳೆಗೆ ಅಂಟಿಕೊಳ್ಳುತ್ತವೆ. ಕೂದಲುಗಳು ಅದನ್ನು ಮೇಲಕ್ಕೆ, ಗಂಟಲಿನ ಕಡೆಗೆ, ಹಗಲು ರಾತ್ರಿ ತಳ್ಳುತ್ತಲೇ ಇರುತ್ತವೆ. ನಾವು ತಿಳಿಯದೆ ನುಂಗುತ್ತೇವೆ, ಹಂದಿಯೂ ನುಂಗುತ್ತದೆ.

ಇಷ್ಟರ ಮೇಲೂ ಕೆಲವು ಕಣಗಳು ತಪ್ಪಿಸಿಕೊಂಡು ದಾರಿಯ ಕೊನೆಯಲ್ಲಿರುವ ಗಾಳಿಗೂಡುಗಳಿಗೆ ತಲುಪುತ್ತವೆ. ಅಲ್ಲಿನ ಗೋಡೆ ಹಪ್ಪಳಕ್ಕಿಂತ ತೆಳು. ಒಂದು ಕಡೆ ಗಾಳಿ, ಇನ್ನೊಂದು ಕಡೆ ರಕ್ತ. ಆ ಗೋಡೆಯಲ್ಲಿ ಎರಡು ಜಾತಿಯ ಕೋಶಗಳಿವೆ. ಚಪ್ಪಟೆಯಾಗಿ ಹಾಸಿಕೊಂಡಿರುವ ಮೊದಲನೆಯ ಜಾತಿಯ ಮೂಲಕ ಪ್ರಾಣವಾಯು ರಕ್ತಕ್ಕೆ ದಾಟುತ್ತದೆ. ಮೂಲೆಯಲ್ಲಿ ಕುಳಿತ ದಪ್ಪನೆಯ ಎರಡನೆಯ ಜಾತಿ ಸೋಪಿನ ನೊರೆಯಂಥ ಒಂದು ದ್ರವ ಸ್ರವಿಸಿ, ಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಮೊದಲನೆಯವರು ಸತ್ತರೆ ಅವರ ಜಾಗ ತುಂಬುವುದೂ ಇದರದೇ ಕೆಲಸ. ಇವರೆಲ್ಲರ ನಡುವೆ ಒಬ್ಬ ತಳವಾರ ತಿರುಗಾಡುತ್ತಿರುತ್ತಾನೆ. ಮ್ಯಾಕ್ರೋಫೇಜ್ ಅನ್ನುವ ಕೋಶ. ಒಳಗೆ ಬಂದದ್ದನ್ನು ಹಿಡಿದು ನುಂಗಿ ಅರಗಿಸಿಕೊಳ್ಳುವವನು ಇವನೇ. ದೊಡ್ಡ ಗಲಾಟೆಯಾದರೆ ಕೂಗು ಹಾಕಿ ರಕ್ತದಿಂದ ಸೈನ್ಯ ಕರೆಸುವವನೂ ಇವನೇ. ಇವನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಈಗ ಮೊದಲ ವೈರಸ್ಸಿಗೆ ಬರೋಣ. ಇನ್ಫ್ಲುಯೆನ್ಸಾ, ಅಂದರೆ ನಮಗೂ ಬರುವ ಫ್ಲೂ ಜ್ವರದ ವೈರಸ್. ಇದು ಹಂದಿಯಲ್ಲಿ ಮುತ್ತಿಗೆ ಹಾಕುವುದು ಆ ಕೂದಲಿನ ಕೋಶಗಳಿಗೆ. ಕೋಶದ ಮೈಮೇಲಿನ ಒಂದು ಸಕ್ಕರೆಯ ತುಣುಕನ್ನು ಹಿಡಿದು ಒಳಗಿಳಿಯುತ್ತದೆ, ಕೋಶದ ಯಂತ್ರಗಳನ್ನೆಲ್ಲ ತನ್ನ ನಕಲು ತೆಗೆಯುವುದಕ್ಕೆ ಬಳಸಿಕೊಳ್ಳುತ್ತದೆ. ಬೆಳಿಗ್ಗೆ ಒಳಗೆ ಹೋದದ್ದು ಸಂಜೆಯೊಳಗೆ ಸಾವಿರಾರಾಗಿ ಹೊರಬರುತ್ತದೆ. ಖಾಲಿಯಾದ ಕೋಶ ಸತ್ತು ಕಳಚಿ ಬೀಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಶ್ವಾಸನಾಳಗಳ ಗೋಡೆ ಬೋಳಾಗಿ, ನಡುವೆ ಸತ್ತ ಕೋಶಗಳೂ ಬಿಳಿ ರಕ್ತಕಣಗಳೂ ಸೇರಿದ ಕಸ ಕಟ್ಟಿಕೊಂಡಿರುತ್ತದೆ. ಆ ನಾಳದ ಮುಂದಿರುವ ಗೂಡುಗಳಿಗೆ ಗಾಳಿ ಹೋಗುವುದಿಲ್ಲ. ಇದ್ದ ಗಾಳಿಯೂ ರಕ್ತಕ್ಕೆ ಇಂಗಿ ಗೂಡು ಕುಸಿಯುತ್ತದೆ. ಹಂದಿಯ ಶ್ವಾಸಕೋಶದಲ್ಲಿ ಹೊಲದ ಬದುಗಳ ಹಾಗೆ ಅಡ್ಡಗೋಡೆಗಳಿವೆ. ಅದರಿಂದ ಈ ರೋಗದಲ್ಲಿ ಒಂದು ಮಡಿ ಕಡುನೇರಳೆ, ಪಕ್ಕದ ಮಡಿ ಆರೋಗ್ಯವಾದ ಗುಲಾಬಿ, ಹೀಗೆ ಚೌಕಾಬಾರದ ಮನೆಯಂತೆ ಕಾಣುತ್ತದೆ. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಹೊರಗಿನಿಂದ ನೋಡುವವರಿಗೆ ಕಾಣುವುದೇ ಬೇರೆ. ನಿನ್ನೆ ಚೆನ್ನಾಗಿದ್ದ ಇಡೀ ದೊಡ್ಡಿ ಇವತ್ತು ಮಲಗಿರುತ್ತದೆ. ಮೈ ಸುಡುತ್ತದೆ, ಒಂದರ ಮೇಲೊಂದು ಒರಗಿಕೊಂಡಿರುತ್ತವೆ, ಹೊಟ್ಟೆ ಜಗ್ಗಿ ಉಸಿರಾಡುತ್ತವೆ, ಎಬ್ಬಿಸಿದರೆ ನಾಯಿ ಬೊಗಳಿದಂತೆ ಕೆಮ್ಮುತ್ತವೆ. ಎಲ್ಲವೂ ಸತ್ತೇಹೋದವು ಅಂತ ಮಾಲೀಕ ತಲೆಯ ಮೇಲೆ ಕೈ ಹೊತ್ತಿರುತ್ತಾನೆ. ವಾರದೊಳಗೆ ಬಹುಪಾಲು ಎದ್ದು ಮೇವಿಗೆ ಬಾಯಿ ಹಾಕುತ್ತವೆ. ಕೂದಲಿನ ಕೋಶಗಳು ಮತ್ತೆ ಹುಟ್ಟುತ್ತವೆ, ಅದಕ್ಕೆ ಮಾತ್ರ ಇನ್ನೂ ಕೆಲವು ವಾರ ಬೇಕು.

ಅಪಾಯ ಇರುವುದು ಆ ಕೆಲವು ವಾರಗಳಲ್ಲಿ. ಈ ಮಾತು ಕಂಡುಕೊಂಡ ಕಥೆ ಚೆನ್ನಾಗಿದೆ, ಹೇಳಿಬಿಡುತ್ತೇನೆ.

1918ರಲ್ಲಿ ಜಗತ್ತಿನಲ್ಲೆಲ್ಲ ಫ್ಲೂ ಜ್ವರದಿಂದ ಜನ ಸಾಯುತ್ತಿದ್ದರು. ನಮ್ಮ ದೇಶದಲ್ಲಂತೂ ಕೋಟಿಗೂ ಮೀರಿ ಸತ್ತರು. ಅದೇ ವರ್ಷ ಅಮೆರಿಕದ ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್ ಊರಿನ ಹಂದಿ ಪ್ರದರ್ಶನದ ಹೊತ್ತಿಗೆ ಹಂದಿಗಳೂ ಕೆಮ್ಮಿ ಮಲಗತೊಡಗಿದವು. ಸರ್ಕಾರಿ ಪಶುವೈದ್ಯ ಜೆ. ಎಸ್. ಕೋಯನ್, ಜನರಿಗೆ ಬಂದಿರುವುದೂ ಹಂದಿಗಳಿಗೆ ಬಂದಿರುವುದೂ ಒಂದೇ ಕಾಯಿಲೆ ಅಂದರು. ಹಂದಿ ಸಾಕುವವರೂ ಮಾಂಸದ ವ್ಯಾಪಾರಿಗಳೂ ಅವರ ಮೇಲೆ ಸಿಟ್ಟಾದರು. ಇಂಥ ಮಾತು ಹಬ್ಬಿದರೆ ಹಂದಿ ಮಾಂಸ ಯಾರು ಕೊಳ್ಳುತ್ತಾರೆ? ಕೋಯನ್ ತಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಅದೇ ಅಯೋವಾದವರೇ ಆದ ರಿಚರ್ಡ್ ಶೋಪ್ ಎಂಬ ಯುವ ವೈದ್ಯ ಈ ಕಾಯಿಲೆಯ ಬೆನ್ನು ಹತ್ತಿದರು. ರೋಗಿಷ್ಠ ಹಂದಿಗಳ ಶ್ವಾಸಕೋಶದಿಂದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ಆರೋಗ್ಯವಂತ ಹಂದಿಗೆ ಕೊಟ್ಟರು, ಏನೂ ಆಗಲಿಲ್ಲ. ನಂತರ ರೋಗದ ಹಂದಿಯ ಲೋಳೆಯನ್ನು ಬ್ಯಾಕ್ಟೀರಿಯಾ ದಾಟಲಾಗದ ಸಣ್ಣ ರಂಧ್ರದ ಸೋಸುಕದಲ್ಲಿ ಸೋಸಿ, ಕೆಳಗಿಳಿದ ತಿಳಿಯನ್ನು ಹಂದಿಯ ಮೂಗಿಗೆ ಬಿಟ್ಟರು. ಮೂರು ದಿನ ಮಂಕಾಗಿದ್ದು ಎದ್ದು ನಿಂತಿತು, ಅಷ್ಟೇ. ಕೊನೆಗೆ ತಿಳಿಯನ್ನೂ ಬ್ಯಾಕ್ಟೀರಿಯಾವನ್ನೂ ಸೇರಿಸಿ ಕೊಟ್ಟರು. ಆಗ ಬಂತು ನೋಡಿ ನಿಜವಾದ ಕಾಯಿಲೆ, ತೀವ್ರ ನ್ಯುಮೋನಿಯಾದೊಂದಿಗೆ. 1931ರಲ್ಲಿ ಇದನ್ನು ಪ್ರಕಟಿಸಿದರು. ಆ ತಿಳಿಯಲ್ಲಿ ಇದ್ದದ್ದು ಇನ್ಫ್ಲುಯೆನ್ಸಾ ವೈರಸ್. ಮನುಷ್ಯರ ಫ್ಲೂ ವೈರಸ್ ಸಿಕ್ಕಿದ್ದು ಇನ್ನೆರಡು ವರ್ಷದ ನಂತರ, 1933ರಲ್ಲಿ. ಅಂದರೆ ನಮ್ಮ ಕಾಯಿಲೆಯ ಗುಟ್ಟು ಮೊದಲು ಬಿಟ್ಟುಕೊಟ್ಟದ್ದು ಹಂದಿ.

ಶೋಪ್ ಅವರ ಈ ಮೂರು ಪ್ರಯೋಗಗಳನ್ನು ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಅದರಲ್ಲಿ ಎಲ್ಲವೂ ಇದೆ. ಎಷ್ಟೋ ಸಲ ಕೊಲ್ಲುವುದು ವೈರಸ್ ಒಂದೇ ಅಲ್ಲ. ಅದು ಕಸ ತಳ್ಳುವ ಕೂದಲುಗಳನ್ನು ಕಿತ್ತುಹಾಕುತ್ತದೆ. ಆಮೇಲೆ, ಹಂದಿಯ ಮೂಗು ಗಂಟಲಿನಲ್ಲಿ ಮೊದಲಿನಿಂದಲೂ ಸಾಧುವಾಗಿ ಬಾಳುತ್ತಿದ್ದ ಪಾಶ್ಚುರೆಲ್ಲಾ, ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ತಡೆಯಿಲ್ಲದ ಇಳಿಜಾರಿನಲ್ಲಿ ಜಾರಿ ಗಾಳಿಗೂಡಿಗೆ ಬೀಳುತ್ತವೆ. ಅವುಗಳನ್ನು ಹಿಡಿಯಲು ಬಂದ ಬಿಳಿ ರಕ್ತಕಣಗಳು ಸುರಿಯುವ ವಿಷ ಶತ್ರುವನ್ನೂ ಸುಡುತ್ತದೆ, ಸ್ವಂತ ಗೋಡೆಯನ್ನೂ ಸುಡುತ್ತದೆ. ರಕ್ತದ ನೀರು ಸೋರಿ, ಕೀವು ಸೇರಿ, ಗೂಡು ತುಂಬಿಹೋಗುತ್ತದೆ. ನಾನು ಹೆಬ್ಬಾಳದಲ್ಲಿ ನೋಡಿದ, ಬಾಟಲಿಯ ತಳಕ್ಕೆ ಇಳಿದ ತುಂಡಿನಲ್ಲಿ ಇದ್ದದ್ದು ಇದೇ.

ಎರಡನೆಯ ವೈರಸ್ಸು ಇನ್ನೂ ಚಾಣಾಕ್ಷ. 1987ರ ಸುಮಾರಿಗೆ ಅಮೆರಿಕದ ಹಂದಿಗಳಲ್ಲಿ ಕಾಣಿಸಿಕೊಂಡಾಗ ಅದಕ್ಕೆ ಹೆಸರೇ ಇರಲಿಲ್ಲ, ನಿಗೂಢ ರೋಗ ಅಂತಲೇ ಕರೆದರು. ತುಂಬು ಗರ್ಭದ ಹೆಣ್ಣುಗಳು ಕಂದು ಹಾಕುತ್ತಿದ್ದವು, ಮರಿಗಳು ಉಸಿರಿಗೆ ಒದ್ದಾಡಿ ಸಾಯುತ್ತಿದ್ದವು. ಯುರೋಪಿನಲ್ಲಿ ಕೆಲವು ಹಂದಿಗಳ ಕಿವಿ ನೀಲಿಯಾದದ್ದರಿಂದ ನೀಲಿ ಕಿವಿ ರೋಗ ಅಂದರು. 1991ರಲ್ಲಿ ನೆದರ್‌ಲ್ಯಾಂಡಿನ ಲೆಲಿಸ್ಟಾಡ್‌ನಲ್ಲಿ ವೈರಸ್ ಸಿಕ್ಕಿತು. ಈಗ ಅದಕ್ಕೆ ಪಿಆರ್‌ಆರ್‌ಎಸ್ ಅನ್ನುತ್ತಾರೆ, ಸಂತಾನಕ್ಕೂ ಉಸಿರಿಗೂ ಒಟ್ಟಿಗೇ ಪೆಟ್ಟು ಕೊಡುವ ರೋಗ ಎಂದು ಅರ್ಥ.

ಇದು ಕೂದಲಿನ ಕೋಶಗಳ ಗೋಜಿಗೆ ಹೋಗುವುದಿಲ್ಲ. ಇದಕ್ಕೆ ಬೇಕಾಗಿರುವುದು ತಳವಾರ. ಆ ಮ್ಯಾಕ್ರೋಫೇಜ್‌ನ ಮೈಮೇಲೆ ಸಿಡಿ163 ಎಂಬ ಒಂದು ಪ್ರೋಟೀನು ಇದೆ. ಒಡೆದುಹೋದ ಕೆಂಪು ರಕ್ತಕಣಗಳಿಂದ ಚೆಲ್ಲಿದ ಹಿಮೋಗ್ಲೋಬಿನನ್ನು ಬಾಚಿಕೊಳ್ಳುವುದು ಅದರ ದಿನನಿತ್ಯದ ಕೆಲಸ. ವೈರಸ್ಸು ಆ ಕೈಯನ್ನೇ ಹಿಡಿದುಕೊಂಡು ಒಳಗೆ ಹೋಗುತ್ತದೆ. ತಳವಾರ ಇದನ್ನು ಹಿಡಿದೆ ಅಂದುಕೊಳ್ಳುತ್ತಾನೆ, ನಿಜಕ್ಕೂ ಸಿಕ್ಕಿಬಿದ್ದವನು ಅವನೇ. ಒಳಗೆ ಸಂತಾನ ಬೆಳೆಸಿ ಅವನನ್ನು ಕೊಲ್ಲುತ್ತದೆ. ಸೋಂಕು ತಗಲದ ಅಕ್ಕಪಕ್ಕದ ಕೋಶಗಳೂ ಎಷ್ಟೋ ತಮ್ಮಷ್ಟಕ್ಕೆ ತಾವೇ ಸಾಯುತ್ತವೆ. ಉಳಿದವರಿಗೆ ನುಂಗುವ ಶಕ್ತಿ ಕುಂದುತ್ತದೆ. ಕೂಗು ಹಾಕಬೇಕಾದ ಗಂಟಲನ್ನೂ ಅದುಮಿಬಿಡುವುದರಿಂದ ದೇಹಕ್ಕೆ ಸುದ್ದಿ ಮುಟ್ಟುವುದೇ ತಡ. ಚೇತರಿಸಿಕೊಂಡಂತೆ ಕಂಡ ಹಂದಿಯ ಗಂಟಲಿನ ಟಾನ್ಸಿಲ್‌ಗಳಲ್ಲಿ ಈ ವೈರಸ್ ತಿಂಗಳುಗಟ್ಟಲೆ ಅಡಗಿರುತ್ತದೆ.

ಈ ರೋಗದ ಮರಿಯ ಎದೆ ಬಿಚ್ಚಿದರೆ ಶ್ವಾಸಕೋಶ ಕುಗ್ಗುವುದೇ ಇಲ್ಲ. ರಬ್ಬರಿನಂತೆ ಗಡುಸಾಗಿ ಉಬ್ಬಿಕೊಂಡೇ ಇರುತ್ತದೆ. ಚಪ್ಪಟೆ ಕೋಶಗಳ ಜಾಗವನ್ನು ದಪ್ಪ ಕೋಶಗಳು ತುಂಬಿ, ಗೋಡೆಯೊಳಗೆ ಉರಿಯೂತದ ಕೋಶಗಳು ಸೇರಿಕೊಂಡು, ಹಪ್ಪಳದಂತಿದ್ದದ್ದು ರೊಟ್ಟಿಯಂತಾಗಿರುತ್ತದೆ. ಗಾಳಿ ಒಳಗೆ ಬಂದರೂ ರಕ್ತಕ್ಕೆ ದಾಟದು. ಇನ್ನೊಂದು ಮಾತು, ಇದು ನಮಗಿಂತ ಹಂದಿಗೇ ವಿಶೇಷ: ಅದರ ಶ್ವಾಸಕೋಶದ ರಕ್ತನಾಳಗಳ ಒಳಗೂ ತಳವಾರರ ಇನ್ನೊಂದು ದಂಡು ಕಾವಲಿರುತ್ತದೆ, ರಕ್ತದಲ್ಲಿ ಹರಿದು ಬರುವ ಬ್ಯಾಕ್ಟೀರಿಯಾಗಳನ್ನು ಹಿಡಿಯುವುದಕ್ಕೆ. ವೈರಸ್ಸು ಅವರನ್ನೂ ಬಿಡುವುದಿಲ್ಲ. ಆದ್ದರಿಂದಲೇ ಕೆಮ್ಮಿನಿಂದ ಶುರುವಾದದ್ದು ಕೆಲವು ಮರಿಗಳಲ್ಲಿ ಕೀಲು ಊತವಾಗಿ, ಮಿದುಳಿಗೇರಿ ಸೆಳವಾಗಿ ಮುಗಿಯುತ್ತದೆ.

2006ರಲ್ಲಿ ಚೀನಾದಲ್ಲಿ ಇದರ ಒಂದು ಉಗ್ರ ತಳಿ ಎದ್ದು 20 ಲಕ್ಷಕ್ಕೂ ಹೆಚ್ಚು ಹಂದಿಗಳಿಗೆ ತಗಲಿತು, ಸುಮಾರು 4 ಲಕ್ಷ ಸತ್ತವು. ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 2013ರಲ್ಲಿ, ಮಿಜೋರಾಂನಲ್ಲಿ. ಪರೀಕ್ಷಿಸಿದಾಗ ಚೀನಾದ ಉಗ್ರ ತಳಿಗೆ ಹತ್ತಿರದ ಸಂಬಂಧಿ ಅಂತ ತಿಳಿಯಿತು. ನಾನು ಆಮೇಲೊಮ್ಮೆ ಕೆಲಸದ ಮೇಲೆ ಐಜ್ವಾಲ್‌ಗೆ ಹೋಗಿದ್ದೆ. ಬೆಟ್ಟದ ಇಳಿಜಾರಿನಲ್ಲಿ ಮನೆ, ಮನೆಯ ಹಿಂದೆ ಹಲಗೆಯ ಗೂಡು, ಗೂಡಿನಲ್ಲಿ ಒಂದೋ ಎರಡೋ ಹಂದಿ. ನಮ್ಮ ಮನೆಗಳಲ್ಲಿ ಹಸು ಹೇಗೋ ಅಲ್ಲಿ ಹಂದಿ ಹಾಗೆ. ಮದುವೆಗೆ, ಕ್ರಿಸ್‌ಮಸ್‌ಗೆ, ಮಕ್ಕಳ ಫೀಸಿಗೆ ಅದೇ ಆಧಾರ. ಹಂದಿ ಅನ್ನುವ ಶಬ್ದ ಅಲ್ಲಿ ಬೈಗುಳದ ಹಾಗೆ ನನ್ನ ಕಿವಿಗೆ ಬೀಳಲಿಲ್ಲ. ಇದನ್ನು ಗಮನಿಸಿ ನನಗೆ ಸ್ವಲ್ಪ ನಾಚಿಕೆಯಾಯಿತು. ಯಾಕೆ ಅಂತ ಈಗ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಸಂತೋಷದ ಸುದ್ದಿ. ಸಿಡಿ163 ಇಲ್ಲದ ಹಂದಿಯನ್ನೇ ಹುಟ್ಟಿಸಿದರೆ ಹೇಗೆ ಅಂತ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರು ಯೋಚಿಸಿ, ವಂಶವಾಹಿಯಲ್ಲಿ ಆ ಒಂದು ಸಾಲನ್ನು ಕತ್ತರಿಸಿದರು. ಅಂಥ ಹಂದಿಗಳ ನಡುವೆ ವೈರಸ್ ಬಿಟ್ಟರೂ ಅವಕ್ಕೆ ರೋಗ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಇದೇ ಬಗೆಯ ಒಂದು ಕಂಪನಿಯ ಹಂದಿಗಳಿಗೆ ಒಪ್ಪಿಗೆಯನ್ನೂ ಕೊಟ್ಟಿತು. ಬಾಗಿಲು ಎಲ್ಲಿದೆ ಎಂದು ತಿಳಿದು ಅದನ್ನೇ ಇಲ್ಲವಾಗಿಸಿದ್ದು ದೊಡ್ಡ ಕೆಲಸ. ಆದರೆ ಎರಡು ಹಂದಿ ಸಾಕುವವನ ಗೂಡಿಗೆ ಅಂಥ ಮರಿ ಯಾವ ಬೆಲೆಗೆ ಬರುತ್ತದೋ ಎಂಬ ಅನುಮಾನ ನನಗಿದೆ. ಫ್ಲೂ ವೈರಸ್ಸಿಗಂತೂ ಅದರಿಂದ ಯಾವ ತಡೆಯೂ ಇಲ್ಲ, ಅದು ಬರುವ ಬಾಗಿಲೇ ಬೇರೆ.

ಈಗ ಎರಡನೆಯ ಕಾರಣ.

2009 ನಿಮಗೆಲ್ಲ ನೆನಪಿರಬೇಕು. ಟಿವಿ ಹಾಕಿದರೆ ಹಂದಿ ಜ್ವರ, ಪೇಪರ್ ತೆಗೆದರೆ ಹಂದಿ ಜ್ವರ. ಆಗಸ್ಟ್ ಮೊದಲ ವಾರ ಪುಣೆಯಲ್ಲಿ ದೇಶದ ಮೊದಲ ಸಾವಾಯಿತು. ಜನ ಹೆದರಿದ್ದರಲ್ಲಿ ತಪ್ಪೇನಿಲ್ಲ. ಆ ವೈರಸ್ಸಿಗೂ ಹಂದಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಿದರೂ ಸುಳ್ಳಾಗುತ್ತದೆ. ಫ್ಲೂ ವೈರಸ್ಸಿನ ವಂಶವಾಹಿ ಎಂಟು ತುಂಡುಗಳಲ್ಲಿರುತ್ತದೆ. ಹಂದಿಯ ಶ್ವಾಸನಾಳದಲ್ಲಿ ಹಕ್ಕಿಯ ಫ್ಲೂಗೂ ಮನುಷ್ಯರ ಫ್ಲೂಗೂ ಬೇಕಾದ ಎರಡೂ ಬಗೆಯ ಹಿಡಿಕೆಗಳಿವೆ. ಒಂದೇ ಕೋಶಕ್ಕೆ ಎರಡು ವೈರಸ್ ಒಟ್ಟಿಗೆ ಬಿದ್ದರೆ ಇಸ್ಪೀಟು ಕಲೆಸಿದ ಹಾಗೆ ತುಂಡುಗಳು ಬೆರೆತು ಹೊಸದೊಂದು ಹುಟ್ಟಬಹುದು. 2009ರ ವೈರಸ್ಸಿನ ಎಂಟೂ ತುಂಡುಗಳು ಹಂದಿಗಳಲ್ಲಿ ಓಡಾಡುತ್ತಿದ್ದ ವೈರಸ್‌ಗಳಿಂದಲೇ ಬಂದವು, ಮೆಕ್ಸಿಕೋ ದೇಶದಲ್ಲಿ. ಅಷ್ಟು ನಿಜ. ಆದರೆ ಅಲ್ಲಿಂದ ಪುಣೆಗೆ, ಬೆಂಗಳೂರಿಗೆ ಅದನ್ನು ತಂದವರು ಮನುಷ್ಯರು, ವಿಮಾನದಲ್ಲಿ, ಕೆಮ್ಮಿನಲ್ಲಿ. ನಮ್ಮ ಕೆರೆ ಏರಿಯ ಕೆಳಗಿನ ಹಂದಿಗಳಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ. ಆಮೇಲೆ ಅನೇಕ ದೇಶಗಳಲ್ಲಿ ಕಂಡದ್ದು ತಿರುಗಾಮುರುಗಾ: ಜ್ವರ ಬಂದ ಮನುಷ್ಯರಿಂದಲೇ ಹಂದಿಗಳಿಗೆ ಅದು ಹತ್ತಿತು.

ಆ ಆಗಸ್ಟ್‌ನಲ್ಲಿ ನಮ್ಮೂರಿನ ಅರಳಿಕಟ್ಟೆಯಲ್ಲಿ ಒಂದು ಸಭೆ ಸೇರಿತ್ತು. ನಾನು ಇರಲಿಲ್ಲ. ಕೆರೆ ಏರಿಯ ಕೆಳಗಿನ ಮನೆಯ ಹಂದಿಗಳನ್ನು ಎರಡು ದಿನದೊಳಗೆ ಸಾಗಿಸಬೇಕು ಅಂತ ತೀರ್ಮಾನವಾಯಿತು. ಹದಿನೇಳು ಹಂದಿ, ಅದರಲ್ಲಿ ಎರಡು ಈಯುವುದಕ್ಕೆ ಬಂದವು. ಒಂದಕ್ಕೂ ಕೆಮ್ಮಿರಲಿಲ್ಲ. ಆ ಮನೆಯವನು ನನ್ನ ಜೊತೆ ಇದೇ ಶಾಲೆಯಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವನು. ಆವತ್ತು ಮೇಷ್ಟ್ರು ತಂದ ಕುರಿಯ ಶ್ವಾಸಕೋಶಕ್ಕೆ ಪಂಪು ಹೊಡೆದವನೂ ಅವನೇ. ಅವನು ಫೋನ್ ಮಾಡಿದ. "ಹಂದಿಯಿಂದ ಬರುತ್ತೋ ಇಲ್ವೋ, ನೀನೊಂದು ಸಲ ಬಂದು ಹೇಳಿಬಿಡೋ" ಅಂದ. ನನಗೆ ಪರೀಕ್ಷೆಯ ಪೇಪರು ತಿದ್ದುವ ಕೆಲಸವಿತ್ತು. "ಬರಲ್ಲ ಕಣೋ, ನಾನು ಹೇಳಿದೆ ಅಂತ ನೀನೇ ಹೇಳು" ಅಂದೆ.

"ನಾನು ಹೇಳಿದರೆ ಯಾರೋ ಕೇಳ್ತಾರೆ?" ಅಂದ. ಫೋನ್ ಇಟ್ಟ.

ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಬರಬಹುದಾಗಿತ್ತು. ಹಂದಿಗಳು ಟ್ರ್ಯಾಕ್ಟರಿನಲ್ಲಿ ಹೋದವು, ಕೇಳಿದ ಬೆಲೆಗೆ. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ. ನಿನ್ನೆ ಪ್ರದರ್ಶನದ ಕೋಣೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಜೋಡಿಸಿಟ್ಟಿದ್ದಾರೆ, ನೀವೂ ನೋಡಿರುತ್ತೀರಿ. ಎಲ್ಲರೂ ತಮ್ಮ ತಮ್ಮ ಹೆಸರು ಹುಡುಕುತ್ತಿದ್ದರು. ನಾನು 2009ರ ಎಂಟನೇ ತರಗತಿಯ ಪುಸ್ತಕ ತೆರೆದೆ. ಅವನ ಮಗಳ ಹೆಸರಿನ ಮುಂದೆ ದಸರಾ ರಜೆಯ ನಂತರ ತಿಂಗಳು ಪೂರ್ತಿ ಗೈರುಹಾಜರಿ. ಅದರ ಮುಂದಿನ ತಿಂಗಳ ಹಾಳೆಯಲ್ಲಿ ಆ ಹೆಸರೇ ಇಲ್ಲ.

ಆವತ್ತು ಕಟ್ಟೆಯಲ್ಲಿ ಕೂತವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು. ಅಯೋವಾದ ಆ ಕೋಯನ್ ಕಥೆಯನ್ನು ನಾನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ಅದನ್ನೂ ನಿಮಗೆ ತಿಳಿಸಬೇಕು.

ಗೆಳೆಯ ಮೂರು ವರ್ಷದಿಂದ ಊರಿಗೆ ಹಿಂದಿರುಗಿದ್ದಾನೆ. ಏರಿಯ ಕೆಳಗೇ ಮತ್ತೆ ದೊಡ್ಡಿ ಕಟ್ಟಿದ್ದಾನೆ, ಈ ಸಲ ಸಿಮೆಂಟಿನ ನೆಲ ಹಾಕಿ. ಈಗ ಇಪ್ಪತ್ತೆರಡು ಹಂದಿಗಳಿವೆ. ಈ ಹಾಲಿನಲ್ಲೇ ಇದ್ದಾನೆ, ಹೆಸರು ಹೇಳಬೇಡ ಅಂದಿದ್ದಾನೆ. ನಿನ್ನೆ ಸಂಜೆ ಅವನ ದೊಡ್ಡಿಯನ್ನು ಸುತ್ತು ಹಾಕಿ ಬಂದೆ. ನಾನು ಹೇಳಬೇಕಾದದ್ದರಲ್ಲಿ ಅರ್ಧವನ್ನು ಅವನೇ ಮಾಡಿಕೊಂಡಿದ್ದಾನೆ. ನೆಲ ಒಣಗಿರುತ್ತದೆ, ಗಾಳಿ ಆಡುತ್ತದೆ. ಮೂತ್ರದ ಅಮೋನಿಯಾ ವಾಸನೆ ಕಣ್ಣಿಗೆ ಚುಚ್ಚುವಷ್ಟಿದ್ದರೆ ವೈರಸ್ ಬರುವ ಮುಂಚೆಯೇ ಆ ಕೂದಲುಗಳು ಸೋತಿರುತ್ತವೆ. ಸಂತೆಯಿಂದ ತಂದ ಹೊಸ ಮರಿಗಳನ್ನು ನಾಲ್ಕು ವಾರ ಬೇರೆ ಗೂಡಿನಲ್ಲಿಟ್ಟು, ಹಳೆಯವಕ್ಕೆ ಮೇವು ಹಾಕಿದ ಮೇಲೆಯೇ ಅವುಗಳ ಹತ್ತಿರ ಹೋಗುತ್ತಾನೆ. ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ವಾದವಾಯಿತು. ಕೆಮ್ಮು ಕಂಡ ಕೂಡಲೇ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಎರಡು ದಿನ ಚುಚ್ಚಿ ನಿಲ್ಲಿಸುತ್ತಾನೆ. ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಹಿಂದಿನಿಂದ ಬರುವ ಬ್ಯಾಕ್ಟೀರಿಯಾಕ್ಕೆ ಆಗುತ್ತದೆ, ಆದರೆ ಯಾವುದು ಬಂದಿದೆ, ಯಾವ ಔಷಧ, ಎಷ್ಟು ದಿನ ಅಂತ ಡಾಕ್ಟರು ನೋಡಿ ಹೇಳಬೇಕು. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಪಳಗಿಬಿಡುತ್ತದೆ. "ಡಾಕ್ಟ್ರು ಹಂದಿ ಅಂದ್ರೆ ಬರಲ್ಲ ಕಣೋ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಈ ವರ್ಷ ನಿವೃತ್ತನಾಗುತ್ತಿದ್ದೇನೆ. ತಿಂಗಳಿಗೊಂದು ಸಲ ಬರುತ್ತೇನೆ ಅಂತ ಹೇಳಿದ್ದೇನೆ. ಅವನು ನಕ್ಕ, ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ.

ನಾಳೆ ಬೆಳಿಗ್ಗೆ ಏಳೂವರೆಗೆ ನಾನು ಅವನ ದೊಡ್ಡಿಯ ಹತ್ತಿರ ಇರುತ್ತೇನೆ. ಹೈಸ್ಕೂಲಿನ ಮಕ್ಕಳಲ್ಲಿ ನೋಡಬೇಕು ಅನ್ನುವವರು ಬನ್ನಿ, ದೊಡ್ಡವರೂ ಬರಬಹುದು. ಸ್ಟೆತಾಸ್ಕೋಪ್ ತಂದಿದ್ದೇನೆ, ಹಂದಿಯ ಎದೆಯ ಸದ್ದು ಕೇಳಿಸುತ್ತೇನೆ. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು, ಅಲ್ಲಿ ಇಟ್ಟಿರುವ ರಬ್ಬರ್ ಬೂಟು ಹಾಕಿಕೊಂಡು ಒಳಗೆ ಬರಬೇಕು. ನಾಲ್ಕು ಜೊತೆ ಇವೆ, ಸರದಿಯಲ್ಲಿ ಬನ್ನಿ. ನೆಗಡಿ, ಕೆಮ್ಮು, ಜ್ವರ ಇದ್ದವರು ದಯವಿಟ್ಟು ಬರಬೇಡಿ, ಹಂದಿಗಳಿಗೆ ಹತ್ತಿಬಿಡುತ್ತದೆ.